ಸೆಕೆಂಡ್ ಹ್ಯಾಂಡ್ ಫೋರ್ ಬೈ ಫೋರ್ ಪಿಕಪ್: ಹಣ ಕೊಡುವ ಮುನ್ನ ಗಾಡಿಯ ಅಡಿಗೆ ನುಸುಳಿ

ಮಳೆಗಾಲ ಹತ್ತಿರವಾದಂತೆ ಒಂದೇ ಪ್ರಶ್ನೆ ಹತ್ತಾರು ಕಡೆಯಿಂದ ಬರುತ್ತದೆ. "ತೋಟಕ್ಕೊಂದು ಹಳೆಯ ಫೋರ್ ಬೈ ಫೋರ್ ಪಿಕಪ್ ನೋಡಿದ್ದೇನೆ, ಎಂಜಿನ್ ಚೆನ್ನಾಗಿದೆ, ತೆಗೆದುಕೊಳ್ಳಲೇ?" ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆಯ ಬೆಳೆಗಾರರು ಕೇಳುವುದೂ ಇದನ್ನೇ, ವಾರಾಂತ್ಯಕ್ಕೆ ಘಟ್ಟ ಹತ್ತುವ ಬೆಂಗಳೂರಿನವರು ಕೇಳುವುದೂ ಇದನ್ನೇ. ಎಂಜಿನ್ ಬಗ್ಗೆ ಎಲ್ಲರಿಗೂ ಅಷ್ಟಿಷ್ಟು ಗೊತ್ತು. ಹೊಗೆ ನೋಡುತ್ತಾರೆ, ಸದ್ದಿಗೆ ಕಿವಿಗೊಡುತ್ತಾರೆ. ಆ ಎಂಜಿನ್ನಿನ ಬಲವನ್ನು ನಾಲ್ಕು ಚಕ್ರಗಳಿಗೆ ಮುಟ್ಟಿಸುವ ಭಾಗಗಳನ್ನು ಬಗ್ಗಿ ನೋಡುವವರು ಕಡಿಮೆ. ಕೆಸರಿನ ಏರಿನಲ್ಲಿ ಗಾಡಿ ಕೈಕೊಡುವುದು ಬಹುಪಾಲು ಅಲ್ಲಿಯೇ.

ಮೊದಲು ಭಾಗಗಳ ಪರಿಚಯ. ಎಂಜಿನ್ನಿಗೆ ಅಂಟಿಕೊಂಡು ಕ್ಲಚ್, ಅದರ ಹಿಂದೆ ಗೇರ್‌ಬಾಕ್ಸ್. ಗೇರ್‌ಬಾಕ್ಸಿನ ಬೆನ್ನಿಗೆ ಟ್ರಾನ್ಸ್‌ಫರ್ ಕೇಸ್. ಬಂದ ಬಲವನ್ನು ಹಿಂದಕ್ಕೂ ಮುಂದಕ್ಕೂ ಹಂಚುವ ಪೆಟ್ಟಿಗೆ ಇದು. ಅದರಿಂದ ಹೊರಡುವ ಉದ್ದನೆಯ ಕೊಳವೆಗಳೇ ಪ್ರೊಪೆಲ್ಲರ್ ಶಾಫ್ಟುಗಳು. ಅವುಗಳ ತುದಿಯಲ್ಲಿ ಅಡ್ಡಡ್ಡವಾಗಿ ಹೊರಳುವ ಕೀಲನ್ನು ಮೆಕ್ಯಾನಿಕ್‌ಗಳು ಕ್ರಾಸ್ ಎನ್ನುತ್ತಾರೆ. ಶಾಫ್ಟ್ ಹೋಗಿ ಸೇರುವುದು ಡಿಫರೆನ್ಷಿಯಲ್‌ಗೆ, ಅಂದರೆ ತಿರುವಿನಲ್ಲಿ ಎಡಬಲದ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಹಲ್ಲುಚಕ್ರಗಳ ಗುಂಪಿಗೆ. ಅದು ಕುಳಿತಿರುವ ಕಬ್ಬಿಣದ ಗುಡಾಣವೇ ಹೌಸಿಂಗ್.

ನಮ್ಮಲ್ಲಿ ಕೈಗೆ ಸಿಗುವ ಗಾಡಿಗಳು ನಾಲ್ಕೈದು ಬಗೆ. ಗೇರ್ ಕೋಲಿನ ಪಕ್ಕದಲ್ಲಿ ಇನ್ನೊಂದು ಕೋಲಿರುವ ಮಹೀಂದ್ರಾ ಬೊಲೆರೊ ಕ್ಯಾಂಪರ್, ಸ್ವಿಚ್ಚಿನಿಂದ ಬದಲಾಗುವ ಸ್ಕಾರ್ಪಿಯೊ ಗೆಟ್‌ಅವೇ ಮತ್ತು ಟಾಟಾ ಜೆನಾನ್, 2016ರಿಂದ ಬಂದ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್, 2022ರಲ್ಲಿ ಬಂದ ಟೊಯೊಟಾ ಹೈಲಕ್ಸ್. ಇವೆಲ್ಲ ಪಾರ್ಟ್‌ಟೈಮ್ ಫೋರ್ ಬೈ ಫೋರ್ ಗಾಡಿಗಳು. ಮಾಮೂಲಿಗೆ ಹಿಂದಿನ ಚಕ್ರಗಳಷ್ಟೇ ಎಳೆಯುತ್ತವೆ; ಬೇಕಾದಾಗ ಮಾತ್ರ ಮುಂದಿನವು ಜೊತೆಗೂಡುತ್ತವೆ. 2ಎಚ್ ಎಂದರೆ ಹಿಂದಿನ ಎರಡು ಚಕ್ರ, 4ಎಚ್ ಎಂದರೆ ಮಾಮೂಲಿ ವೇಗದಲ್ಲಿ ನಾಲ್ಕೂ ಚಕ್ರ, 4ಎಲ್ ಎಂದರೆ ನಾಲ್ಕೂ ಚಕ್ರಕ್ಕೆ ನಿಧಾನವಾದ, ಆದರೆ ಸುಮಾರು ಎರಡೂವರೆ ಪಟ್ಟು ಹೆಚ್ಚಿನ ಎಳೆತ. ಇಷ್ಟು ತಿಳಿದಿದ್ದರೆ ಮುಂದಿನದು ಕಷ್ಟವಲ್ಲ.

ಏನೇನು ಬೇಕು

ಒಳ್ಳೆಯ ಟಾರ್ಚ್, ಮಲಗಲು ಹಳೆಯ ಗೋಣಿಚೀಲ, ಕೈಗವಸು, ಬಿಳಿ ಕಾಗದ, ಚಾಕ್‌ಪೀಸ್, ಸಣ್ಣ ಅಯಸ್ಕಾಂತ, ಆಯಿಲ್ ಪ್ಲಗ್‌ಗೆ ಹೊಂದುವ ಸ್ಪ್ಯಾನರ್, ಜಾಕ್, ಚಕ್ರಕ್ಕೆ ಒಡ್ಡಲು ಎರಡು ಮರದ ದಿಮ್ಮಿ. ಜೊತೆಗೆ ಒಬ್ಬ ಗೆಳೆಯ, ಅರ್ಧ ದಿನದ ಬಿಡುವು.

ಹಿಂದಿನ ದಿನವೇ ಮಾರುವವರಿಗೆ ಫೋನ್ ಮಾಡಿ ಎರಡು ಮಾತು ಹೇಳಿ: ನಾವು ಬರುವ ತನಕ ಗಾಡಿ ಸ್ಟಾರ್ಟ್ ಮಾಡಬೇಡಿ, ಅಡಿಭಾಗ ತೊಳೆಸಬೇಡಿ. ತಣ್ಣಗಿರುವ ಗೇರ್‌ಬಾಕ್ಸ್ ಮುಚ್ಚುಮರೆ ಮಾಡುವುದಿಲ್ಲ. ಅಡಿಯನ್ನು ತೊಳೆದು ಕಪ್ಪು ಬಣ್ಣ ಹೊಡೆಸಿಟ್ಟಿದ್ದರೆ ಆಯಿಲ್ ಎಲ್ಲಿಂದ ಸೋರುತ್ತಿತ್ತು ಎಂದು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ಹೇಳಿದ ಮೇಲೂ ತೊಳೆಸಿಟ್ಟಿದ್ದರೆ ಅದನ್ನೇ ಒಂದು ಉತ್ತರವೆಂದು ಬರೆದುಕೊಳ್ಳಿ.

1. ನಿಜವಾಗಿಯೂ ಫೋರ್ ಬೈ ಫೋರ್ ಹೌದೇ?

ನಗಬೇಡಿ. ಡಿ-ಮ್ಯಾಕ್ಸ್ ಹೈ-ಲ್ಯಾಂಡರ್ ಎತ್ತರವಾಗಿ, ವಿ-ಕ್ರಾಸ್‌ನಂತೆಯೇ ಕಾಣುತ್ತದೆ; ಎಳೆಯುವುದು ಹಿಂದಿನ ಎರಡು ಚಕ್ರ ಮಾತ್ರ. ಗೆಟ್‌ಅವೇ, ಕ್ಯಾಂಪರ್‌ಗಳಲ್ಲೂ ಎರಡೂ ಬಗೆಯುಂಟು. ಹಿಂಬಾಗಿಲಿನ ಸ್ಟಿಕ್ಕರ್ ಯಾವ ಅಂಗಡಿಯಲ್ಲೂ ಸಿಗುತ್ತದೆ. ಮುಂಭಾಗದಿಂದ ಅಡಿಗೆ ಟಾರ್ಚ್ ಬಿಡಿ. ಎಂಜಿನ್ನಿನ ಕೆಳಗೆ ಮುಂದಿನ ಡಿಫರೆನ್ಷಿಯಲ್, ಅಲ್ಲಿಂದ ಹಿಂದಕ್ಕೆ ಟ್ರಾನ್ಸ್‌ಫರ್ ಕೇಸಿನವರೆಗೆ ಒಂದು ಶಾಫ್ಟ್, ಎಡಬಲದ ಚಕ್ರಗಳಿಗೆ ಒಂದೊಂದು ಡ್ರೈವ್ ಶಾಫ್ಟ್ ಕಾಣಬೇಕು. ಆ ಉದ್ದನೆಯ ಶಾಫ್ಟ್ ಕಂಪನ ಕೊಡುತ್ತಿತ್ತೆಂದು ಬಿಚ್ಚಿ ಮೂಲೆಗಿಟ್ಟು ಗಾಡಿ ಮಾರುವವರೂ ಇದ್ದಾರೆ.

ಆರ್‌ಸಿಯಲ್ಲಿರುವ ಚಾಸಿ ನಂಬರನ್ನು ಗಾಡಿಯ ಮೇಲಿನದರೊಂದಿಗೆ ತಾಳೆ ನೋಡುವುದು, ಸಾಲ ತೀರಿದೆಯೇ, ಹಳದಿ ಬೋರ್ಡಾದರೆ ಎಫ್‌ಸಿ (ಗಾಡಿ ಓಡಾಟಕ್ಕೆ ಯೋಗ್ಯವೆಂಬ ಪ್ರಮಾಣಪತ್ರ) ಚಾಲ್ತಿಯಲ್ಲಿದೆಯೇ ಎಂದು ವಿಚಾರಿಸುವುದು ನಿಮಗೆ ಗೊತ್ತಿರುವ ಕೆಲಸವೇ. ಅದನ್ನು ಇಲ್ಲಿ ಬೆಳೆಸುವುದಿಲ್ಲ.

2. ಟೈರುಗಳು

ನಾಲ್ಕೂ ಒಂದೇ ಅಳತೆ, ಒಂದೇ ಕಂಪನಿ, ಹೆಚ್ಚುಕಡಿಮೆ ಒಂದೇ ಸವೆತ ಇರಬೇಕು. ಇದು ಬರೀ ಅಂದದ ಮಾತಲ್ಲ. 4ಎಚ್ ಹಾಕಿದಾಗ ಮುಂದಿನ ಮತ್ತು ಹಿಂದಿನ ಶಾಫ್ಟುಗಳು ಟ್ರಾನ್ಸ್‌ಫರ್ ಕೇಸಿನೊಳಗೆ ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಮುಂದೆ ಹೊಸ ಟೈರ್, ಹಿಂದೆ ಬೋಳು ಟೈರ್ ಇದ್ದರೆ ಒಂದೇ ದೂರಕ್ಕೆ ಅವು ತಿರುಗುವ ಸುತ್ತು ಬೇರೆ ಬೇರೆ. ಆ ವ್ಯತ್ಯಾಸದ ಒತ್ತಡವನ್ನೆಲ್ಲ ಒಳಗಿನ ಚೈನು, ಹಲ್ಲುಗಳು ನುಂಗಬೇಕು. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ತಯಾರಿಕೆಯ ಗುರುತು ಇರುತ್ತದೆ. 2321 ಎಂದಿದ್ದರೆ 2021ರ 23ನೇ ವಾರ.

ಕಂಪನಿ ಕೊಟ್ಟದ್ದಕ್ಕಿಂತ ದೊಡ್ಡ ಟೈರ್ ಹಾಕಿಸಿದ್ದರೆ ಇನ್ನೂ ಎಚ್ಚರ ಬೇಕು. ಕ್ಲಚ್, ಡ್ರೈವ್ ಶಾಫ್ಟ್, ಡಿಫರೆನ್ಷಿಯಲ್ ಮೂರರ ಮೇಲೂ ಹೊರೆ ಏರಿರುತ್ತದೆ. ಜೊತೆಗೆ ಮೀಟರ್ ತೋರಿಸುವ ಕಿಲೋಮೀಟರ್ ನಿಜಕ್ಕಿಂತ ಕಡಿಮೆ ಇರುತ್ತದೆ. ಸಸ್ಪೆನ್ಷನ್ ಎತ್ತರಿಸಿದ ಗಾಡಿಯಲ್ಲಿ ಶಾಫ್ಟುಗಳು ಕಡಿದಾದ ಕೋನದಲ್ಲಿ ದುಡಿದು ಕ್ರಾಸ್‌ಗಳು ಬೇಗ ಸವೆಯುತ್ತವೆ. ಇಂಥ ಗಾಡಿ ಚಿತ್ರದಲ್ಲಿ ಸೊಗಸು. ನಾನಾದರೆ ಅದಕ್ಕಾಗಿ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡುವುದಿಲ್ಲ.

3. ಅಡಿಗೆ ನುಸುಳಿ, ಸೋರಿಕೆ ನೋಡಿ

ಸಮತಟ್ಟಾದ ಜಾಗ, ಚಕ್ರಕ್ಕೆ ದಿಮ್ಮಿ, ಹ್ಯಾಂಡ್‌ಬ್ರೇಕ್. ಈ ಗಾಡಿಗಳು ಎತ್ತರವಿರುವುದರಿಂದ ಜಾಕ್ ಇಲ್ಲದೆಯೇ ಒಳಗೆ ಹೋಗಬಹುದು. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಮಾತ್ರ ಯಾವ ಕಾರಣಕ್ಕೂ ತಲೆ ಒಡ್ಡಬೇಡಿ.

ನೋಡಬೇಕಾದ ಜಾಗಗಳು ಇವು: ಗೇರ್‌ಬಾಕ್ಸ್ ಮತ್ತು ಎಂಜಿನ್ ಸೇರುವ ಸಂದು, ಟ್ರಾನ್ಸ್‌ಫರ್ ಕೇಸಿನಿಂದ ಶಾಫ್ಟ್ ಹೊರಬರುವ ಎರಡೂ ಬಾಯಿ, ಶಾಫ್ಟ್ ಡಿಫರೆನ್ಷಿಯಲ್‌ಗೆ ಸೇರುವ ಮೂತಿ, ಹಿಂದಿನ ಚಕ್ರಗಳ ಒಳಬದಿ. ಒಣಧೂಳು ಅಂಟಿ ತೇವಗೊಂಡಂತಿದ್ದರೆ ಅದು ಜಿನುಗುವಿಕೆ. ಹಳೆಯ ಗಾಡಿಯಲ್ಲಿ ಸಹಜ. ಹನಿ ಕಟ್ಟಿ ತೊಟ್ಟಿಕ್ಕುತ್ತಿದ್ದರೆ ಆಯಿಲ್ ಸೀಲ್, ಅಂದರೆ ಆಯಿಲ್ ಹೊರಬಾರದಂತೆ ತಡೆಯುವ ರಬ್ಬರ್ ಉಂಗುರ ಹೋಗಿದೆ. ಸೀಲ್ ಅಗ್ಗ, ಆಯಿಲ್ ಬತ್ತಿ ಎಷ್ಟು ದಿನ ಓಡಿಸಿದರು ಎಂಬುದೇ ಪ್ರಶ್ನೆ. ಹಿಂದಿನ ಬ್ರೇಕ್ ಡ್ರಮ್ಮಿನ ಒಳಬದಿಯಲ್ಲಿ ಆಯಿಲ್ ಇಳಿದಿದ್ದರೆ ಬ್ರೇಕ್ ಲೈನರ್ ಕೂಡ ನೆನೆದಿರುತ್ತದೆ.

ಹೌಸಿಂಗಿನ ತಳಕ್ಕೆ ಬಂಡೆ ಬಡಿದ ಗುರುತುಗಳನ್ನು ಕೈಯಾಡಿಸಿ ನೋಡಿ. ಗೀರುಗಳಿಗೆ ಹೆದರಬೇಕಿಲ್ಲ. ವೆಲ್ಡಿಂಗ್ ಮಾಡಿದ ತೇಪೆ, ತಗ್ಗಾದ ಮುಚ್ಚಳ, ಡೊಂಕಾದ ಶಾಫ್ಟ್ ಕಂಡರೆ ಹೆದರಿ. ಚಾಸಿಯ ತೂತುಗಳಲ್ಲಿ, ಕೇಬಲ್ಲುಗಳ ಸಂದಿನಲ್ಲಿ ನಯವಾದ ಒಣಗಿದ ಮೆಕ್ಕಲು ತುಂಬಿದ್ದರೆ ಗಾಡಿ ನೆರೆನೀರಿನಲ್ಲಿ ಮುಳುಗಿತ್ತೇ ಎಂದು ಕೇಳಿ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲೂ ಕೇರಳದಲ್ಲೂ ಏನಾಯಿತೆಂಬುದು ನೆನಪಿರಲಿ. ಅದಕ್ಕಿಂತ ಹಳೆಯ ಗಾಡಿಗಳು ಈಗಲೂ ಕೈ ಬದಲಾಗುತ್ತಿವೆ.

4. ಆಯಿಲ್ ಹೇಳುವ ಕಥೆ

ಒಂದೇ ಒಂದು ಪರೀಕ್ಷೆ ಮಾಡಲು ಸಮಯವಿದೆ ಎಂದಾದರೆ ಇದನ್ನೇ ಮಾಡಿ. ಹಿಂದಿನ ಡಿಫರೆನ್ಷಿಯಲ್, ಮುಂದಿನ ಡಿಫರೆನ್ಷಿಯಲ್, ಟ್ರಾನ್ಸ್‌ಫರ್ ಕೇಸ್, ಗೇರ್‌ಬಾಕ್ಸ್: ನಾಲ್ಕಕ್ಕೂ ಮೇಲೊಂದು, ಕೆಳಗೊಂದು ಪ್ಲಗ್ ಇರುತ್ತದೆ. ಮೇಲಿನದು ತುಂಬಲು, ಕೆಳಗಿನದು ಇಳಿಸಲು. ಬಿಚ್ಚಬೇಕಾದದ್ದು ಮೇಲಿನದನ್ನು. ಅವಸರದಲ್ಲಿ ಕೆಳಗಿನದನ್ನು ಬಿಚ್ಚಿ ಆಯಿಲ್ ಎಲ್ಲ ನೆಲಕ್ಕೆ ಹರಿದ ಮೇಲೆ, ಮೇಲಿನದು ತುಕ್ಕು ಹಿಡಿದು ಜಪ್ಪಯ್ಯ ಎಂದರೂ ಬಿಚ್ಚದಿದ್ದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಬೇರೆಯವರ ಗಾಡಿ ಎಂಬುದನ್ನೂ ಮರೆಯಬೇಡಿ, ಒಪ್ಪಿಗೆ ಪಡೆದೇ ಬಿಚ್ಚಿ. ಬಿಲ್‌ಕುಲ್ ಬಿಚ್ಚಬಾರದು ಎಂದರೆ ಹತ್ತಿರದ ಗ್ಯಾರೇಜಿನಲ್ಲಿ ನಿಮ್ಮ ಖರ್ಚಿನಲ್ಲೇ ಮಾಡಿಸುವುದಾಗಿ ಹೇಳಿ. ಅದಕ್ಕೂ ಒಪ್ಪದಿದ್ದರೆ ನಮಸ್ಕಾರ ಹೇಳಿ ಹೊರಡಬಹುದು.

ಪ್ಲಗ್ ತೆಗೆದ ತೂತಿನೊಳಗೆ ಕಿರುಬೆರಳು ಹಾಕಿ ಕೆಳಗೆ ಬಗ್ಗಿಸಿ. ಸಾಮಾನ್ಯವಾಗಿ ತೂತಿನ ಅಂಚಿನವರೆಗೆ ಆಯಿಲ್ ಇರಬೇಕು. ಬೆರಳಿಗೆ ಹತ್ತಿದ್ದನ್ನು ಬಿಳಿ ಕಾಗದಕ್ಕೆ ಒರೆಸಿ ಬಿಸಿಲಿಗೆ ಹಿಡಿಯಿರಿ. ಜೇನಿನಿಂದ ಕಡುಕಂದಿನವರೆಗಿನ ಪಾರದರ್ಶಕ ಬಣ್ಣ ಸರಿ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಆಯಿಲ್ ಬದಲಿಸದೆ ವರ್ಷಗಳಾಗಿವೆ. ಓರೆ ಮಾಡಿದಾಗ ಮಿಣಮಿಣ ಮಿಂಚಿದರೆ ಲೋಹದ ಪುಡಿ. ಡಿಕಾಕ್ಷನ್‌ಗೆ ಹಾಲು ಬೆರೆಸಿದ ಬಣ್ಣವಿದ್ದರೆ ಒಳಗೆ ನೀರು ಸೇರಿದೆ. ನಾನು ನೋಡಲು ಹೋದ ಒಂದು ಕ್ಯಾಂಪರ್‌ನ ಹಿಂದಿನ ಹೌಸಿಂಗಿನಿಂದ ಬೆರಳಿಗೆ ಬಂದದ್ದು ಹೋಟೆಲಿನ ಕಾಫಿಯ ಬಣ್ಣವೇ. ಹೊರಗೆ ಗಾಡಿ ಹೊಚ್ಚಹೊಸ ಬಣ್ಣದಲ್ಲಿ ಲಕಲಕ ಹೊಳೆಯುತ್ತಿತ್ತು.

ನೀರು ಹೇಗೆ ಸೇರುತ್ತದೆ? ಹೌಸಿಂಗಿನ ನೆತ್ತಿಯಲ್ಲಿ ಬ್ರೀದರ್ ಎಂಬ ಪುಟ್ಟ ಉಸಿರುಗೊಳವೆ ಇರುತ್ತದೆ. ಓಡಿ ಓಡಿ ಬಿಸಿಯಾದ ಹೌಸಿಂಗ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ತಟ್ಟನೆ ಕುಗ್ಗುತ್ತದೆ, ಹೊರಗಿನಿಂದ ಗಾಳಿ ಎಳೆದುಕೊಳ್ಳಲು ನೋಡುತ್ತದೆ. ಬ್ರೀದರ್ ಕೆಸರಿನಿಂದ ಕಟ್ಟಿಕೊಂಡಿದ್ದರೆ ಗಾಳಿಗೆ ಬದಲಾಗಿ ಸೀಲುಗಳ ಸಂದಿನಿಂದ ನೀರನ್ನೇ ಹೀರುತ್ತದೆ. ಹಳ್ಳ ದಾಟಿದ ಸಂಜೆ ಗಾಡಿ ಚೆನ್ನಾಗಿಯೇ ಇರುತ್ತದೆ. ತಿಂಗಳುಗಳ ಮೇಲೆ ಬೇರಿಂಗಿಗೆ ತುಕ್ಕು ಹತ್ತಿ ಗೋಳು ಶುರುವಾಗುತ್ತದೆ. ಬ್ರೀದರ್‌ನ ಮುಚ್ಚಳ ಬೆರಳಿಗೆ ಅಲುಗುತ್ತದೆಯೇ, ಕೊಳವೆ ಹರಿದಿದೆಯೇ ನೋಡಿ.

ಕೆಲವು ಪ್ಲಗ್‌ಗಳ ತುದಿಯಲ್ಲೇ ಅಯಸ್ಕಾಂತವಿರುತ್ತದೆ. ಇಲ್ಲದಿದ್ದರೆ ನೀವು ತಂದದ್ದನ್ನು ದಾರಕ್ಕೆ ಭದ್ರವಾಗಿ ಕಟ್ಟಿ ತೂತಿನ ಬಾಯಿಯಲ್ಲಿ ಅದ್ದಿ ತೆಗೆಯಿರಿ; ಒಳಗೆ ಬೀಳಿಸಿಕೊಂಡರೆ ಹೌಸಿಂಗ್ ಬಿಚ್ಚಿಸುವ ಖರ್ಚು ನಿಮ್ಮದೇ. ಅದಕ್ಕೆ ಬೂದುಬಣ್ಣದ ನುಣ್ಣನೆಯ ಲೇಪ ಹತ್ತಿದರೆ ಮಾಮೂಲಿ ಸವೆತ. ಉಗುರಿನ ಚೂರಿನಂಥ ಲೋಹದ ತುಣುಕು ಸಿಕ್ಕರೆ ಯಾವುದೋ ಹಲ್ಲು ಮುರಿಯುತ್ತಿದೆ.

ಹಳೆಯ ಗಾಡಿಯಲ್ಲಿ ಅಪ್ಪಟ ಹೊಸ ಆಯಿಲ್ ಇದ್ದರೆ ಖುಷಿಪಡಬೇಡಿ. ಬಿಲ್ ಕೇಳಿ. ಸದ್ದು ಅಡಗಿಸಲು ಮಾರುವ ಹಿಂದಿನ ದಿನ ದಪ್ಪ ಆಯಿಲ್ ತುಂಬುವ ಉಪಾಯ ಹಳೆಯದು.

5. ಕೈಯಿಂದ ಅಲುಗಿಸಿ

ಗೇರ್ ನ್ಯೂಟ್ರಲ್, ದಿಮ್ಮಿ ಮತ್ತು ಹ್ಯಾಂಡ್‌ಬ್ರೇಕ್ ಭದ್ರ. ಕ್ರಾಸ್‌ನ ಎರಡೂ ಬದಿಯನ್ನು ಒಂದೊಂದು ಕೈಯಲ್ಲಿ ಹಿಡಿದು ಎದುರುಬದುರಾಗಿ ಹೊರಳಿಸಿ, ಮೇಲೆ ಕೆಳಗೆ ಎತ್ತಿ ನೋಡಿ. ಕೀಲಿನಲ್ಲಿ ಸ್ವಲ್ಪವೂ ಟಕ್ ಎನ್ನಬಾರದು. ಕ್ರಾಸ್‌ನ ಬಟ್ಟಲುಗಳ ಸುತ್ತ ಕುಂಕುಮದಂಥ ಕೆಂಪು ಪುಡಿ ಕಂಡರೆ ಒಳಗೆ ಗ್ರೀಸ್ ಒಣಗಿ ತುಕ್ಕು ಅರೆಯುತ್ತಿದೆ. ಹಿಂದಿನ ಶಾಫ್ಟ್ ಎರಡು ತುಂಡಾಗಿದ್ದರೆ ನಡುವೆ ಅದನ್ನು ಹಿಡಿದಿರುವ ಸೆಂಟರ್ ಬೇರಿಂಗ್ ಇರುತ್ತದೆ. ಅದರ ರಬ್ಬರ್ ಹರಿದಿದೆಯೇ ನೋಡಿ.

ಆಮೇಲೆ ಡಿಫರೆನ್ಷಿಯಲ್ ಮೂತಿಯ ಹತ್ತಿರ ಶಾಫ್ಟಿಗೂ ಹೌಸಿಂಗಿಗೂ ಸೇರಿ ಒಂದು ಚಾಕ್ ಗೆರೆ ಎಳೆಯಿರಿ. ಶಾಫ್ಟನ್ನು ಆಚೆ ಈಚೆ ತಿರುಗಿಸಿದಾಗ ಗೆರೆ ಎಷ್ಟು ಸರಿಯುತ್ತದೆ? ಕೆಲವು ಮಿಲಿಮೀಟರ್ ಸಹಜ. ಬೆರಳಗಲವನ್ನೂ ಮೀರಿದರೆ ಕ್ರೌನ್ ಮತ್ತು ಪಿನಿಯನ್, ಅಂದರೆ ಡಿಫರೆನ್ಷಿಯಲ್‌ನ ದೊಡ್ಡ ಮತ್ತು ಚಿಕ್ಕ ಹಲ್ಲುಚಕ್ರಗಳ ನಡುವೆಯೋ ಒಳಗಿನ ಮರಿ ಹಲ್ಲುಗಳಲ್ಲೋ ಸವೆತ ಹೆಚ್ಚಾಗಿದೆ. ಇದು ಅಗ್ಗದ ರಿಪೇರಿಯಲ್ಲ.

6. ಮುಂದಿನ ರಬ್ಬರ್ ಬೂಟುಗಳು

ಸ್ಟಿಯರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿಸಿಟ್ಟು ಡ್ರೈವ್ ಶಾಫ್ಟಿನ ತುದಿಯ ರಬ್ಬರ್ ಬೂಟಿನ ಮಡಿಕೆಗಳನ್ನು ಬಿಡಿಸಿ ನೋಡಿ. ಹರಿದ ಬೂಟು ಚಕ್ರದ ಒಳಬದಿಗೆಲ್ಲ ಗ್ರೀಸ್ ಎರಚಿರುತ್ತದೆ, ಒಳಗಿನ ಜಾಯಿಂಟಿಗೆ ಮರಳು ಹೋಗಿರುತ್ತದೆ. ಹಳೆಯ ಶಾಫ್ಟಿನ ಮೇಲೆ ಹೊಸ ಬೂಟು ಕಂಡರೆ ಹರಿದು ಎಷ್ಟು ದಿನವಾಗಿತ್ತೆಂದು ವಿಚಾರಿಸಿ. ಜಾಕ್ ಕೊಟ್ಟು ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಬೇರಿಂಗ್ ಸಡಿಲವೂ ತಿಳಿಯುತ್ತದೆ.

ಒಂದು ಎಚ್ಚರಿಕೆ: ಒಂದು ಚಕ್ರ ಎತ್ತಿಟ್ಟು ಎಂಜಿನ್ ಚಾಲೂ ಮಾಡಿ ಗೇರ್ ಹಾಕಿ ನೋಡುವ ಸಾಹಸ ಬೇಡ. 4ಎಚ್‌ನಲ್ಲಿದ್ದರೆ ನೆಲದ ಮೇಲಿರುವ ಚಕ್ರಗಳು ಗಾಡಿಯನ್ನು ಜಾಕಿನಿಂದ ಜಿಗಿಸುತ್ತವೆ. ಜೆನಾನ್‌ನಂತೆ ಹಿಂದೆ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್, ಅಂದರೆ ಒಂದೇ ಚಕ್ರ ಸುಮ್ಮನೆ ಸುತ್ತದಂತೆ ಬಲವನ್ನು ಇನ್ನೊಂದಕ್ಕೂ ಹಾಯಿಸುವ ವ್ಯವಸ್ಥೆ ಇದ್ದರೆ 2ಎಚ್‌ನಲ್ಲೂ ಅದೇ ಅಪಾಯ.

7. ಡಾಂಬರು ರಸ್ತೆಯಲ್ಲಿ: ಕ್ಲಚ್, ಗೇರ್, ಸದ್ದು

ಸ್ಟಾರ್ಟ್ ಮಾಡಿ ನ್ಯೂಟ್ರಲ್‌ನಲ್ಲಿ ಕಿವಿಗೊಡಿ. ಕ್ಲಚ್ ಒತ್ತಿದಾಗ ಹುಟ್ಟುವ ಕಿರಗುಟ್ಟುವಿಕೆ ಕ್ಲಚ್ ಬೇರಿಂಗಿನದು. ಒತ್ತಿದಾಗ ನಿಲ್ಲುವ ಗರಗರ ಸದ್ದು ಗೇರ್‌ಬಾಕ್ಸಿನ ಬೇರಿಂಗಿನದು, ಎರಡನೆಯದು ದುಬಾರಿ. ಹೊರಟ ಮೇಲೆ ನಾಲ್ಕನೇ ಗೇರಿನಲ್ಲಿ ಐವತ್ತರ ಆಸುಪಾಸಿನಲ್ಲಿದ್ದು ಆಕ್ಸಿಲರೇಟರ್ ಪೂರ್ತಿ ಒತ್ತಿ. ಎಂಜಿನ್ ಸುತ್ತು ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ. ಮೂರರಿಂದ ಎರಡಕ್ಕೆ ಇಳಿಸುವಾಗ ಕರಕರ ಎಂದರೆ ಹಲ್ಲುಗಳನ್ನು ಹೊಂದಿಸಿ ಕೂರಿಸುವ ಸಿಂಕ್ರೊ ರಿಂಗ್ ಸವೆದಿದೆ. ಆಟೊಮ್ಯಾಟಿಕ್ ಆಗಿದ್ದರೆ ಡಿ ಅಥವಾ ಆರ್ ಹಾಕಿದ ಮೇಲೆ ಗಾಡಿ ಯೋಚಿಸುತ್ತಾ ನಿಲ್ಲಬಾರದು, ಧಡಕ್ಕನೆ ಹಾರಲೂಬಾರದು.

ಕಿಟಕಿ ಇಳಿಸಿ, ರೇಡಿಯೊ ಆರಿಸಿ. ಮಾರುವವರು ಹಾಡು ಹಾಕಿದರೆ ವಿನಯದಿಂದ ನಿಲ್ಲಿಸಿ. ಆಕ್ಸಿಲರೇಟರ್ ಒತ್ತಿದಾಗಷ್ಟೇ, ಅಥವಾ ಬಿಟ್ಟಾಗಷ್ಟೇ ಗೊಂಯ್ ಎಂದು ಹಿಂದಿನಿಂದ ರಾಗ ಹೊರಟರೆ ಕ್ರೌನ್ ಪಿನಿಯನ್ ಮೇಲೆ ಅನುಮಾನ. ಆಕ್ಸಿಲರೇಟರಿಗೆ ಸಂಬಂಧವೇ ಇಲ್ಲದೆ, ಎಡಕ್ಕೋ ಬಲಕ್ಕೋ ವಾಲಿಸಿದಾಗ ಹೆಚ್ಚುಕಡಿಮೆಯಾಗುವ ಗುಂಯ್ ಸದ್ದು ಚಕ್ರದ ಬೇರಿಂಗಿನದು. ಒತ್ತಿ ಬಿಡುವಾಗ ಟಂಕ್ ಎಂದರೆ ಕ್ರಾಸ್ ಅಥವಾ ಸವೆದ ಹಲ್ಲು. ಒಂದು ವೇಗಕ್ಕೆ ಬಂದಾಗ ನೆಲವೇ ನಡುಗಿದಂತಾದರೆ ಶಾಫ್ಟಿನ ಸಮತೋಲ ತಪ್ಪಿದೆ ಅಥವಾ ಸೆಂಟರ್ ಬೇರಿಂಗ್ ಹೋಗಿದೆ. ಪೂರ್ತಿ ತಿರುವಿನಲ್ಲಿ ಮುಂದಿನಿಂದ ಟಿಕ್ ಟಿಕ್ ಬಂದರೆ ಡ್ರೈವ್ ಶಾಫ್ಟಿನ ಹೊರ ಜಾಯಿಂಟ್. ಗುಂಡಿ ಬಿದ್ದ ರಸ್ತೆಯಲ್ಲಿ ಈ ಯಾವುದೂ ಕೇಳಿಸುವುದಿಲ್ಲ, ನುಣುಪಾದ ಹೆದ್ದಾರಿ ಹುಡುಕಿಕೊಳ್ಳಿ.

8. ಮಣ್ಣಿನಲ್ಲಿ: ದೀಪವನ್ನು ನಂಬಬೇಡಿ

"ಸರ್, ಒಂದು ದಿನವೂ ಫೋರ್ ಬೈ ಫೋರ್ ಹಾಕಿಲ್ಲ" ಎಂದು ಬೆಂಗಳೂರಿನ ಮಾಲೀಕರು ಹೆಮ್ಮೆಯಿಂದ ಹೇಳುವುದುಂಟು. ನನಗೆ ಇದು ದೋಷದ ಪಟ್ಟಿಯಲ್ಲಿ ಸೇರುವ ಮಾತು. ಬಳಸದೆ ಬಿಟ್ಟ ಟ್ರಾನ್ಸ್‌ಫರ್ ಕೇಸಿನ ಸ್ವಿಚ್ ಮೋಟರ್, ಮುಂದಿನ ಆಕ್ಸಲ್ (ಚಕ್ರಗಳನ್ನು ತಿರುಗಿಸುವ ಅಚ್ಚು) ಜೋಡಿಸುವ ಯಂತ್ರ, ಅದರ ಗಾಳಿ ಕೊಳವೆಗಳು ಜಡ್ಡುಗಟ್ಟಿ ಹಿಡಿದುಕೊಳ್ಳುತ್ತವೆ. ಮಳೆಗಾಲವೆಲ್ಲ ದುಡಿದು ಕಾಲಕಾಲಕ್ಕೆ ಆಯಿಲ್ ಕಂಡ ತೋಟದ ಗಾಡಿಯೇ ಹಲವು ಸಲ ಮೇಲು.

ಪರೀಕ್ಷೆಗೆ ಮಣ್ಣುದಾರಿ, ಹುಲ್ಲುಗಾವಲು, ಒಣಗಿದ ಕೆರೆಯಂಗಳ ಯಾವುದಾದರೂ ಸರಿ. ಒಣ ಡಾಂಬರಿನ ಮೇಲೆ ಮಾತ್ರ ಬೇಡ. ಈ ಗಾಡಿಗಳಲ್ಲಿ ಮುಂದಿನ ಹಿಂದಿನ ಶಾಫ್ಟುಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಓಡಬೇಕು. ಟೈರ್ ಜಾರಲು ಮಣ್ಣಿಲ್ಲದಿದ್ದರೆ ಒತ್ತಡವೆಲ್ಲ ಶಾಫ್ಟುಗಳಲ್ಲಿ ಮುರಿಗೆ ಹಾಕಿದ ಹಗ್ಗದಂತೆ ಕೂರುತ್ತದೆ.

ಮೊದಲು ನಿಧಾನವಾಗಿ ನೇರಕ್ಕೆ ಓಡಿಸುತ್ತಾ 4ಎಚ್ ಹಾಕಿ. ಮೀಟರಿನ ದೀಪ ಮಿನುಗಿ ಸ್ಥಿರವಾಗಬೇಕು. ಹಲವು ಗಾಡಿಗಳಲ್ಲಿ ದೀಪ ಉರಿದ ಮಾತ್ರಕ್ಕೆ ಮುಂದಿನ ಚಕ್ರಕ್ಕೆ ಬಲ ಹೋಯಿತೆಂದು ಅರ್ಥವಲ್ಲ, ಒಳಗಿನ ಒಂದು ಸ್ವಿಚ್ ಒತ್ತಿಕೊಂಡಿತೆಂದಷ್ಟೇ ಅರ್ಥ. ಆದ್ದರಿಂದ ಗೆಳೆಯನನ್ನು ಕೆಳಗಿಳಿಸಿ, ಗಾಡಿಯಿಂದ ದೂರದಲ್ಲಿ ಪಕ್ಕಕ್ಕೆ ನಿಲ್ಲಿಸಿ. ಸಡಿಲ ಮಣ್ಣಿನ ಏರಿನಲ್ಲಿ ನಿಂತಲ್ಲಿಂದ ತುಸು ಜೋರಾಗಿ ಹೊರಡಿ. ಮುಂದಿನ ಚಕ್ರಗಳು ಮಣ್ಣು ಕೆದರಿ ಹಿಂದಕ್ಕೆ ಎಸೆಯುತ್ತಿವೆಯೇ, ಹಿಂದಿನವು ಮಾತ್ರ ಕೆದರಿ ಮುಂದಿನವು ಸುಮ್ಮನೆ ಉರುಳುತ್ತಿವೆಯೇ ಎಂದು ಅವನು ಹೇಳಲಿ. ಆಮೇಲೆ ಅದೇ ಮಣ್ಣಿನಲ್ಲಿ ಪೂರ್ತಿ ಸ್ಟಿಯರಿಂಗ್ ತಿರುಗಿಸಿ ತೆವಳುವ ವೇಗದಲ್ಲಿ ಸುತ್ತು ಹಾಕಿ. ಗಾಡಿ ಬಿಗಿಹಿಡಿದಂತೆ ಮಿಸುಕಾಡಿದರೆ ಮುಂದಿನ ಆಕ್ಸಲ್ ಕೂಡಿಕೊಂಡಿದೆ. 2ಎಚ್‌ನಂತೆಯೇ ಸಲೀಸಾಗಿ ತಿರುಗಿದರೆ ದೀಪ ಸುಳ್ಳು ಹೇಳುತ್ತಿದೆ.

4ಎಲ್‌ಗೆ ಗಾಡಿ ನಿಲ್ಲಿಸಿ, ಗೇರ್ ನ್ಯೂಟ್ರಲ್‌ಗೆ ತಂದು, ಕ್ಲಚ್ ಒತ್ತಿ ಬದಲಿಸಿ. ಹಲ್ಲು ಎದುರುಬದುರಾಗಿದ್ದರೆ ಮೊದಲ ಸಲಕ್ಕೆ ಕೂರುವುದಿಲ್ಲ. ಒಂದಡಿ ಮುಂದೆ ಉರುಳಿಸಿ ಮತ್ತೆ ಪ್ರಯತ್ನಿಸಿ. ಮೊದಲ ಗೇರಿನಲ್ಲಿ ಏರು ಹತ್ತಿ, ರಿವರ್ಸಿನಲ್ಲೂ ಹತ್ತಿಸಿ. ಹೊರೆ ಬಿದ್ದಾಗ ನಡುಭಾಗದಿಂದ ಟಕಟಕ ಎಂದು ಏನೋ ಹಾರಿದ ಸದ್ದು ಬಂದರೆ ಟ್ರಾನ್ಸ್‌ಫರ್ ಕೇಸಿನ ಚೈನು ಹಿಗ್ಗಿದೆ. ನಂತರ ಅದೇ ಗೇರಿನಲ್ಲಿ ಇಳಿಜಾರು ಇಳಿಯಿರಿ. ಕಾಲು ಬ್ರೇಕಿನ ಹತ್ತಿರವೇ ಇರಲಿ. ಎಂಜಿನ್ನೇ ಗಾಡಿಯನ್ನು ತಡೆದು ಇಳಿಸಬೇಕು. ನಡುವೆ ಗೇರ್ ಅಥವಾ 4ಎಲ್ ತಾನಾಗಿ ಕಳಚಿಕೊಂಡರೆ ಆ ಗಾಡಿ ಬೇಡವೇ ಬೇಡ. ಕೆಸರಿನ ಇಳಿಜಾರಿನಲ್ಲಿ ಹಾಗಾದರೆ ಏನು ಗತಿ ಎಂದು ಬಿಡಿಸಿ ಹೇಳಬೇಕಿಲ್ಲ.

2ಎಚ್‌ಗೆ ಮರಳಿದ ಮೇಲೂ ದೀಪ ಮಿನುಗುತ್ತಲೇ ಇದ್ದರೆ ಗಾಬರಿ ಬೇಡ. ಹತ್ತಾರು ಅಡಿ ನೇರವಾಗಿ ಹಿಂದಕ್ಕೆ ಬಂದರೆ ಶಾಫ್ಟಿನ ಬಿಗುವು ಬಿಟ್ಟು ಕಳಚಿಕೊಳ್ಳುತ್ತದೆ. ಆಗಲೂ ಕಳಚದಿದ್ದರೆ ದೋಷವಿದೆ.

9. ಚೌಕಾಸಿ, ನಂತರದ ಕೆಲಸ

ಕ್ರಾಸ್, ಸೀಲ್, ಬೂಟು, ಸೆಂಟರ್ ಬೇರಿಂಗ್, ಹಳೆಯ ಆಯಿಲ್ ಇವೆಲ್ಲ ಬೆಲೆ ಇಳಿಸಲು ಸಿಗುವ ಕಾರಣಗಳು. ಕ್ಲಚ್ ಕೂಡ ಹಾಗೆಯೇ, ಬಿಡಿಭಾಗ ಮತ್ತು ಕೂಲಿಯ ಅಂದಾಜನ್ನು ನಿಮ್ಮೂರಿನ ಗ್ಯಾರೇಜಿನಿಂದ ಬರೆಸಿಕೊಂಡು ಹೋಗಿ. ಆಯಿಲ್‌ನಲ್ಲಿ ಲೋಹದ ತುಣುಕು, ಹೌಸಿಂಗಿಗೆ ವೆಲ್ಡಿಂಗ್, ಕಳಚಿಕೊಳ್ಳುವ 4ಎಲ್, ಹಾಡುವ ಕ್ರೌನ್ ಪಿನಿಯನ್, ಇವುಗಳಲ್ಲಿ ಒಂದಿದ್ದರೂ ನಾನು ಮುಂದಿನ ಗಾಡಿ ನೋಡುತ್ತೇನೆ. ಗೆಟ್‌ಅವೇ, ಜೆನಾನ್‌ನಂಥ ತಯಾರಿಕೆ ನಿಂತ ಗಾಡಿಗಳಿಗೆ ಟ್ರಾನ್ಸ್‌ಫರ್ ಕೇಸಿನ ಬಿಡಿಭಾಗ ಸಿಗುತ್ತದೆಯೇ ಎಂದು ಕೊಳ್ಳುವ ಮೊದಲೇ ಅಂಗಡಿಯಲ್ಲಿ ವಿಚಾರಿಸಿ.

ಕೊಂಡಿರಾದರೆ ಮೊದಲ ವಾರವೇ ನಾಲ್ಕೂ ಕಡೆಯ ಆಯಿಲ್ ಬದಲಿಸಿ. ಎಲ್ಲಕ್ಕೂ ಒಂದೇ ಡಬ್ಬಿ ಸುರಿಯಬೇಡಿ. ಕೆಲವು ಟ್ರಾನ್ಸ್‌ಫರ್ ಕೇಸುಗಳು ಕೇಳುವುದು ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ತೆಳುವಾದ ಕೆಂಪು ಆಯಿಲ್. ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್‌ಗೆ ಅದರದೇ ಬೇರೆ ಆಯಿಲ್. ಗಾಡಿಯ ಕೈಪಿಡಿಯಲ್ಲಿರುವ ಗ್ರೇಡನ್ನೇ ಹಾಕಿಸಿ. ಹಾಗೆಯೇ ಎರಡೂ ಹೌಸಿಂಗುಗಳ ಬ್ರೀದರ್ ಬಿಚ್ಚಿ ಸ್ವಚ್ಛ ಮಾಡಿಸಿ, ಆಯಿಲ್ ತಾಳುವ ರಬ್ಬರ್ ಕೊಳವೆ ಜೋಡಿಸಿ ಅದರ ತುದಿಯನ್ನು ಎಂಜಿನ್ ಕೋಣೆಯ ಮೇಲ್ಭಾಗದವರೆಗೆ ಎಳೆಸಿ ಕಟ್ಟಿಸಿ. ಅರ್ಧ ದಿನದ ಕೆಲಸ, ಜೂನ್ ತಿಂಗಳಿಗೆ ಮುಂಚೆ ಮುಗಿಸಿಕೊಳ್ಳಿ.